ಹರ್ಶಿಗೆ ಹೋಗೋ ಕನ್ನಡದವರಿಗೆ ಒಂದು ಬಹಿರಂಗ ಪತ್ರ: ಮೇಜರ್ ವಿಂಟರ್ಸ್ ಅವರ ಸಮಾಧಿಗೂ ಒಂದ್ಸಲ ಹೋಗ್ಬನ್ನಿ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆ ಇರೋ ಎಲ್ಲಾ ಕನ್ನಡದವರಿಗೂ ನಮಸ್ಕಾರ.

ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದ್ರು ಅಂದ್ರೆ ನಾವೆಲ್ಲ ಕರ್ಕೊಂಡ್ ಹೋಗೋ ಜಾಗಗಳು ಹೆಚ್ಚೂ ಕಮ್ಮಿ ಒಂದೇ ಅಲ್ವಾ, ನಯಾಗರ, ನ್ಯೂಯಾರ್ಕು, ದೇವಸ್ಥಾನ, ಆಮೇಲೆ ಒಂದ್ ಶನಿವಾರ ಹರ್ಶಿ ಚಾಕೊಲೇಟ್ ವರ್ಲ್ಡ್, ವಾಪಸ್ ಬರ್ತಾ ಲ್ಯಾಂಕಾಸ್ಟರ್ ಕಡೆ ಆಮಿಶ್ ಜನರ ಕುದುರೆ ಗಾಡಿ ತೋರ್ಸಿ ಮನೆಗೆ ಬಂದು ಮೊಸರನ್ನ ತಿಂದು ಮಲಗೋದು. ನಾನೂ ಹತ್ತು ಸಲನಾದ್ರೂ ಆ ರೂಟಲ್ಲಿ ಓಡಾಡಿದೀನಿ. ಆ ದಾರಿಗೆ ಹತ್ರದಲ್ಲೇ ಎಫ್ರಾಟಾ ಅಂತ ಒಂದ್ ಊರಿದೆ, ಅಲ್ಲಿ ಒಂದ್ ಚರ್ಚಿನ ಸ್ಮಶಾನದಲ್ಲಿ ಮೇಜರ್ ಡಿಕ್ ವಿಂಟರ್ಸ್ ಅವರ ಸಮಾಧಿ ಇದೆ, ಅಂತ ನಂಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಜನವರಿ 2 ಹತ್ರ ಬರ್ತಿದೆ, ಅವರು ತೀರ್ಕೊಂಡ ದಿನ. ಅದಕ್ಕೇ ಈ ಪತ್ರ.

ಹೆಸರು ಹೇಳಿದ್ರೆ ಕೆಲವರಿಗೆ ತಕ್ಷಣ ಗೊತ್ತಾಗತ್ತೆ. ಸ್ಟೀಫನ್ ಆಂಬ್ರೋಸ್ ಅನ್ನೋ ಇತಿಹಾಸಕಾರರು 1992ರಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಅಂತ ಪುಸ್ತಕ ಬರೆದ್ರು, ಅದನ್ನೇ ಎಚ್‌ಬಿಒದವರು 2001ರಲ್ಲಿ ಹತ್ತು ಎಪಿಸೋಡಿನ ಸೀರೀಸ್ ಮಾಡಿದ್ರು, ಮೊದಲನೇ ಎಪಿಸೋಡ್ ಬಂದಿದ್ದು ಸೆಪ್ಟೆಂಬರ್ 9, ಅದಾದ ಎರಡೇ ದಿನಕ್ಕೆ ನ್ಯೂಯಾರ್ಕಿನ ಟವರ್‌ಗಳು ಬಿದ್ವು. ಅದರಲ್ಲಿ ಕೆಂಪು ಕೂದಲಿನ ಆಫೀಸರ್ ಇದಾರಲ್ಲ, ಡೇಮಿಯನ್ ಲೂಯಿಸ್ ಮಾಡಿರೋ ಪಾತ್ರ, ಆ ನಿಜವಾದ ಮನುಷ್ಯರೇ ಇವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್, 506ನೇ ಪ್ಯಾರಾಶೂಟ್ ರೆಜಿಮೆಂಟ್, ಅದರಲ್ಲಿ ಈಜಿ ಕಂಪನಿ ಅನ್ನೋ ತುಕಡಿ.

ಸೀರೀಸ್ ನೋಡಿದವರಿಗೆ ಅವರ ಯುದ್ಧ ಗೊತ್ತು. ನಾನು ಕೇಳ್ಕೊಳ್ಳೋದು, ಅವರ ಯುದ್ಧ ಆದ್ಮೇಲಿನ ಬದುಕನ್ನೂ ಸ್ವಲ್ಪ ನೋಡಿ ಅಂತ. ಯಾಕಂದ್ರೆ ಅವರನ್ನ ನಾವು ಈಗ ನೆನೆಸ್ಕೊಳ್ತಾ ಇರೋ ರೀತಿ, ಆ ರೀಲ್ಸು, ಹಿಂದೆ ಜೋರಾಗಿ ಮ್ಯೂಸಿಕ್ಕು, ಬಂದೂಕು ಹಿಡ್ಕೊಂಡ್ ಓಡೋ ಸೀನು, ಕೆಳಗಡೆ ಲೆಜೆಂಡ್ ಅಂತ ಬರಹ, ಅದು ಅವರಿಗೆ ಮಾಡ್ತಿರೋ ಗೌರವ ಅಲ್ಲ ಅಂತ ನಂಗೆ ತುಂಬಾ ಅನ್ಸತ್ತೆ.

ನಂಗಿದು ಹೊಳೆದಿದ್ದು ಪುಸ್ತಕದಿಂದ ಅಲ್ಲ, ನಮ್ಮ ಮಾವನಿಂದ. ಹೋದ್ ವರ್ಷ ಜೂನಲ್ಲಿ ಅತ್ತೆ ಮಾವ ಬಂದಿದ್ರು. ಮಾವ ಮಂಡ್ಯದ ಕಡೆಯವರು, ಒಂದೆರಡೆಕರೆ ಗದ್ದೆ, ನಾಲ್ಕ್ ಸೀಮೆ ಹಸು, ದಿನಾ ಬೆಳಗ್ಗೆ ಸಾಯಂಕಾಲ ಡೈರಿಗೆ ಹಾಲು ಹಾಕೋರು. ಹರ್ಶಿಗೆ ಹೋಗ್ತಾ ಕಾರಲ್ಲಿ ನಾನು ವಿಂಟರ್ಸ್ ಕತೆ ಶುರು ಮಾಡಿದೆ, ಫ್ರಾನ್ಸಿನ ನಾರ್ಮಂಡಿ, ಫಿರಂಗಿ, ಪದಕ ಎಲ್ಲ ಹೇಳಿದೆ, ಮಾವ ಹೂಂ ಹೂಂ ಅಂತ ಕೇಳಿಸ್ಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದ್ರು. "ಅಳಿಯಂದ್ರೇ, ಅದೆಲ್ಲ ಸರಿ, ಯುದ್ಧ ಮುಗುದ್ ಮ್ಯಾಲೆ ಹೊಟ್ಟೆಪಾಡ್ಗೆ ಏನ್ ಮಾಡುದ್ರು ಅವ್ರು?"

"ರೈತರಿಗೆ ದನದ ಮೇವು ಮಾರ್ತಿದ್ರು ಮಾವ" ಅಂದೆ.

ಮಾವ ಸೀಟಲ್ಲಿ ಎದ್ದು ಕೂತ್ರು. ಅಲ್ಲಿಂದ ಮುಂದೆ ಪ್ರಶ್ನೆ ಮೇಲೆ ಪ್ರಶ್ನೆ.

ನಿಜ ಕಣ್ರೀ. ಯುದ್ಧದಿಂದ ಬಂದ್ಮೇಲೆ ವಿಂಟರ್ಸ್ ಮೊದಲು ಕೆಲಸಕ್ಕೆ ಸೇರಿದ್ದು ಅವರ ಜೊತೆಗಿದ್ದ ಲೂಯಿಸ್ ನಿಕ್ಸನ್ ಅವರ ಮನೆತನದ ಫ್ಯಾಕ್ಟರೀಲಿ, ನಿಕ್ಸನ್ ನೈಟ್ರೇಷನ್ ವರ್ಕ್ಸ್ ಅಂತ. ಅದು ಎಲ್ಲಿತ್ತು ಗೊತ್ತಾ? ನಮ್ಮ ಎಡಿಸನ್‌ನಲ್ಲಿ! ಆಗಿನ್ನೂ ಆ ಟೌನ್‌ಶಿಪ್‌ಗೆ ರಾರಿಟನ್ ಅಂತ ಹೆಸರು, ಎಡಿಸನ್ ಅಂತ ಆಗಿದ್ದು 1954ರಲ್ಲಿ. ನಾವು ಓಕ್ ಟ್ರೀ ರೋಡಲ್ಲಿ ಕೊತ್ತಂಬರಿ ಸೊಪ್ಪು, ಸೋನಾ ಮಸೂರಿ ಮೂಟೆ ತಗೊಂಡ್ ಬರ್ತೀವಲ್ಲ, ಅದೇ ಟೌನ್‌ಶಿಪ್ಪಲ್ಲಿ ಈ ಮನುಷ್ಯ ಮೊದಲು ಸಿಬ್ಬಂದಿ ವಿಭಾಗ ನೋಡ್ಕೊಳ್ತಾ ಆಮೇಲೆ ಜನರಲ್ ಮ್ಯಾನೇಜರ್ ಆಗಿದ್ರು. 1948ರ ಮೇ ತಿಂಗಳಲ್ಲಿ ಎಥೆಲ್ ಅವರನ್ನ ಮದುವೆ ಆದ್ರು. 1951ರಲ್ಲಿ ಪೆನ್ಸಿಲ್ವೇನಿಯಾದ ಬೆಟ್ಟದ ತಪ್ಪಲಲ್ಲಿ ಒಂದು ಚಿಕ್ಕ ಜಮೀನು ತಗೊಂಡ್ರು, ಇಬ್ಬರು ಮಕ್ಕಳನ್ನ ಅಲ್ಲೇ ಬೆಳೆಸಿದ್ರು, ಪಶು ಆಹಾರ ಮಾರೋ ಕೆಲಸ ಹಿಡಿದ್ರು. 1972ರಲ್ಲಿ ಸ್ವಂತ ಬಿಸಿನೆಸ್ ಶುರು ಮಾಡಿದ್ರು, ಹರ್ಶಿ ಚಾಕೊಲೇಟ್ ಕಂಪನೀಲಿ ಉಳಿಯೋ ಪದಾರ್ಥ ತಗೊಂಡು ದನದ ಮೇವು ಮಾಡೋರಿಗೆ ಮಾರೋದು. ಹರ್ಶಿ ಊರಲ್ಲೇ ಮನೆ. ಅಂದ್ರೆ ನೀವು ಮಕ್ಕಳನ್ನ ಕರ್ಕೊಂಡ್ ಹೋಗಿ ಚಾಕೊಲೇಟ್ ಬ್ಯಾಗು ತುಂಬಿಸ್ಕೊಂಡ್ ಬರೋ ಊರಲ್ಲಿ ನಾರ್ಮಂಡಿಗೆ ಜಂಪ್ ಮಾಡಿದ್ದ ಮೇಜರ್ ಒಬ್ಬರು ವರ್ಷಗಟ್ಟಲೆ ಮೇವಿನ ವ್ಯಾಪಾರ ಮಾಡ್ಕೊಂಡು ಇದ್ರು.

ಮಾವನಿಗೆ ಆಶ್ಚರ್ಯ. "ಚಾಕ್ಲೇಟ್ ತಿಂದ್ರೆ ಹಸ ಹಾಲ್ ಕೊಡ್ತದಾ?" ಅಂತ. ಬೂಸ ಹಿಂಡಿ ರೇಟು ಏರಿರೋ ವಿಷಯದಿಂದ ಹಿಡಿದು ಇಲ್ಲಿನ ರೈತರು ಏನ್ ಹಾಕ್ತಾರೆ ಅನ್ನೋ ತನಕ ಮಾತು ಹೋಯ್ತು. ಆಮೇಲೆ ತಾವಾಗೇ ಕೇಳಿದ್ರು, "ಅಷ್ಟ್ ದೊಡ್ಡ್ ಆಫೀಸರ್ ಆಗಿದ್ದೋರು ಯಾಕೆ ಈ ಕೆಲ್ಸ ಹಿಡುದ್ರು?" ಅಂತ. ಆಗ ನಾನು ಯುದ್ಧದ ಕತೇನ ಮತ್ತೆ ಮೊದಲಿಂದ ಹೇಳ್ಬೇಕಾಯ್ತು, ಈ ಸಲ ಬೇರೆ ಥರ.

ಡಿಕ್ ವಿಂಟರ್ಸ್ ಹುಟ್ಟಿದ್ದು 1918ರ ಜನವರಿ 21, ಇದೇ ಲ್ಯಾಂಕಾಸ್ಟರ್ ಕೌಂಟಿಯ ನ್ಯೂ ಹಾಲೆಂಡ್ ಅನ್ನೋ ಊರಲ್ಲಿ. ತಾಯಿ ಕಡೆಯವರು ಮೆನ್ನೊನೈಟ್ ಪಂಥದವರು, ಆಮಿಶ್ ಥರಾನೇ ಬಂದೂಕು ಮುಟ್ಟಬಾರದು ಅಂತ ನಂಬಿರೋ ಜನ. 1941ರಲ್ಲಿ ಡಿಗ್ರಿ ಮುಗಿಸಿ ಆಗಸ್ಟಲ್ಲಿ ಸೈನ್ಯಕ್ಕೆ ಸೇರಿದ್ದು ಯಾವ ಆವೇಶಕ್ಕೂ ಅಲ್ಲ, ಆಗ ಕಡ್ಡಾಯ ಇದ್ದ ಒಂದ್ ವರ್ಷದ ಸೇವೆ ಬೇಗ ಮುಗಿಸ್ಕೊಂಡು ಮನೆಗೆ ಬರೋಣ ಅಂತ. ಡಿಸೆಂಬರಲ್ಲಿ ಪರ್ಲ್ ಹಾರ್ಬರ್ ಆಯ್ತು, ಮನೆಗೆ ಬರೋದು ನಾಲ್ಕು ವರ್ಷ ಮುಂದಕ್ಕೆ ಹೋಯ್ತು. ಆಫೀಸರ್ ಟ್ರೈನಿಂಗ್ ಮುಗಿಸಿ ಪ್ಯಾರಾಟ್ರೂಪರ್ ಆಗೋಕೆ ಹೆಸರು ಕೊಟ್ರು, ಜಾರ್ಜಿಯಾದ ಟೊಕ್ಕೋವಾ ಕ್ಯಾಂಪಲ್ಲಿ ಕರ್ರಾಹೀ ಬೆಟ್ಟ ಮೂರು ಮೈಲಿ ಹತ್ತೋದು ಮೂರು ಮೈಲಿ ಇಳಿಯೋದು, ಅದೂ ಓಡ್ಕೊಂಡು.

1944ರ ಜೂನ್ 6, ಮಧ್ಯರಾತ್ರಿ ಕಳೆದ ಮೇಲೆ ನಾರ್ಮಂಡೀಲಿ ವಿಮಾನದಿಂದ ಹಾರಿದಾಗ ಕಾಲಿಗೆ ಕಟ್ಟಿದ್ದ ಚೀಲ ಕಿತ್ಕೊಂಡ್ ಹೋಗಿ ಅದರ ಜೊತೆ ಬಂದೂಕೂ ಹೋಯ್ತು. ಶತ್ರುಗಳ ನೆಲದಲ್ಲಿ ಕತ್ತಲಲ್ಲಿ ಇಳಿದಾಗ ಕೈಯಲ್ಲಿದ್ದಿದ್ದು ಒಂದು ಚಾಕು. ಕಂಪನಿ ಕಮಾಂಡರ್ ಲೆಫ್ಟಿನೆಂಟ್ ಮೀಹನ್ ಇದ್ದ ವಿಮಾನಾನ ಜರ್ಮನ್ನರು ಹೊಡೆದುಬಿಟ್ಟಿದ್ರು, ಅದರಲ್ಲಿದ್ದ ಒಬ್ಬರೂ ಉಳೀಲಿಲ್ಲ. ಹಂಗಾಗಿ ಬೆಳಗಾಗೋ ಹೊತ್ತಿಗೆ ಕಂಪನಿ ಜವಾಬ್ದಾರಿ ಇವರ ಹೆಗಲಿಗೆ ಬಿತ್ತು. ಬ್ರೆಕೂರ್ ಅನ್ನೋ ತೋಟದ ಮನೆ ಹತ್ರ ನಾಲ್ಕು 105 ಎಂಎಂ ಫಿರಂಗಿ ಇಟ್ಕೊಂಡು ಜರ್ಮನ್ನರು ಅಮೆರಿಕದ ಸೈನ್ಯ ಹಡಗಿಂದ ಇಳೀತಿದ್ದ ಯೂಟಾ ಬೀಚಿಂದ ಒಳಗೆ ಬರೋ ದಾರಿ ಮೇಲೆ ಹೊಡೀತಿದ್ರು. ವಿಂಟರ್ಸ್ ಒಂದು ಹನ್ನೆರಡು ಹದಿಮೂರು ಜನರನ್ನ ಕಟ್ಕೊಂಡು, ಕಾವಲಿಗಿದ್ದ ಸುಮಾರು ಅರವತ್ತು ಜನರ ಎದುರು ಹೋಗಿ, ಒಂದೊಂದೇ ಫಿರಂಗಿ ಹಿಡಿದು ನಾಲ್ಕನ್ನೂ ಬಾಯಿ ಮುಚ್ಚಿಸಿದ್ರು, ಕೊನೆಗೆ ಬಂದ ಸಹಾಯದವರ ಜೊತೆ ಸೇರಿ. ಆ ಪ್ರದೇಶದಲ್ಲಿ ಜರ್ಮನ್ ಫಿರಂಗಿಗಳು ಎಲ್ಲೆಲ್ಲಿವೆ ಅಂತ ಗುರುತು ಮಾಡಿದ್ದ ಮ್ಯಾಪ್ ಕೂಡ ಅಲ್ಲೇ ಸಿಕ್ತು. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್‌ಗೆ ಮೇಲಿನವರು ಶಿಫಾರಸು ಮಾಡಿದ್ರು, ಡಿವಿಷನ್‌ಗೆ ಒಂದೇ ಅಂತ ಆಗ ಇದ್ದಿದ್ರಿಂದ ಇವರಿಗೆ ಸಿಕ್ಕಿದ್ದು ಅದರ ಕೆಳಗಿನ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಕ್ರಾಸ್. ಅದನ್ನ ಮೇಲಕ್ಕೇರಿಸಿ ಅಂತ ಅಭಿಮಾನಿಗಳು ವರ್ಷಗಟ್ಟಲೆ ಓಡಾಡಿದ್ರು, ಆಗ್ಲಿಲ್ಲ.

ರೀಲ್ಸ್‌ಗಳು ಇಲ್ಲಿಗೇ ನಿಲ್ತವೆ. ಆದ್ರೆ ಅವತ್ತು ರಾತ್ರಿ ಏನಾಯ್ತು ಅಂತ ಅವರ ಆತ್ಮಕಥೇಲಿ ಇದೆ. ಮಲಗೋಕೆ ಮುಂಚೆ ಮೊಣಕಾಲೂರಿ, ಇವತ್ತು ಜೀವ ಉಳಿಸಿದ್ಯಲ್ಲಪ್ಪಾ ಅಂತ ದೇವರಿಗೆ ಕೈ ಮುಗಿದ್ರಂತೆ, ನಾಳೆಗೂ ಕಾಪಾಡು ಅಂತ ಬೇಡ್ಕೊಂಡ್ರಂತೆ, ಮತ್ತೆ ತಮಗೆ ತಾವೇ ಒಂದು ಮಾತು ಕೊಟ್ಕೊಂಡ್ರಂತೆ: ಬದುಕಿ ಊರಿಗೆ ಹೋದ್ರೆ ಪೆನ್ಸಿಲ್ವೇನಿಯಾದಲ್ಲಿ ಎಲ್ಲಾದ್ರೂ ಒಂದು ಸಣ್ಣ ಜಮೀನು ನೋಡ್ಕೊಂಡು ಉಳಿದ ಆಯಸ್ಸೆಲ್ಲ ಶಾಂತಿಯಾಗಿ ಕಳೀತೀನಿ ಅಂತ.

ಅಂದ್ರೆ 1951ರಲ್ಲಿ ತಗೊಂಡ ಆ ಜಮೀನು ಏಳು ವರ್ಷದ ಹಿಂದಿನ ಹರಕೆ ಥರ. ಮಾವ ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದು "ತೀರ್ಸುದ್ರಲ್ಲ" ಅಂದ್ರು. ನಂಗೆ ಆ ಒಂದು ಪದದಲ್ಲಿ ಎಲ್ಲಾ ಬಂತು ಅನ್ನಿಸ್ತು.

ಅದನ್ನ ತೀರ್ಸೋದೂ ಸುಲಭ ಇರ್ಲಿಲ್ಲ. ಕೊರಿಯಾ ಯುದ್ಧ ಶುರುವಾದಾಗ ಮತ್ತೆ ಕರೆ ಬಂತು. ವಿಂಟರ್ಸ್ ವಾಷಿಂಗ್ಟನ್‌ಗೆ ಹೋಗಿ, ಬೆಲ್ಜಿಯಂನ ಬಾಸ್ಟೋನ್‌ನಲ್ಲಿ ತಮ್ಮ ಡಿವಿಷನ್ ನಡೆಸಿದ್ದ ಜನರಲ್ ಮೆಕಾಲಿಫ್ ಅವರನ್ನ ಕಂಡು, ನಾನು ಯುದ್ಧ ನೋಡಿದ್ದು ಸಾಕು, ಕಳಿಸ್ಬೇಡಿ ಅಂತ ಕೇಳ್ಕೊಂಡ್ರು. ಪ್ರಯೋಜನ ಆಗ್ಲಿಲ್ಲ, ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್‌ನಲ್ಲಿ ಹುಡುಗರಿಗೆ ಟ್ರೈನಿಂಗ್ ಕೊಡೋಕೆ ಹಾಕಿದ್ರು, ಆಮೇಲೆ ಕೊರಿಯಾಗೆ ಹೋಗೋ ಆರ್ಡರೂ ಬಂತು, ಹೊರಡೋ ಮುಂಚೆ ಬಿಡುಗಡೆ ತಗೊಳ್ಳೋ ಅವಕಾಶ ಸಿಕ್ಕಿ ಅದನ್ನ ತಗೊಂಡು ಮನೆಗೆ ಬಂದ್ರು. ಅಷ್ಟೊಂದು ಹೆಸರು ಮಾಡಿದ್ದವರು ಇನ್ನು ಬೇಡ ಅಂತ ಬಾಯಿ ಬಿಟ್ಟು ಕೇಳೋಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ಯೋಚ್ನೆ ಮಾಡಿ. ಇದನ್ನ ಯಾರೂ ಸ್ಟೇಟಸ್ ಹಾಕಲ್ಲ.

ಇನ್ನೊಂದು ಘಟನೆ ಹೇಳ್ಲೇಬೇಕು, ನಂಗೆ ಬ್ರೆಕೂರ್‌ಗಿಂತ ಇದೇ ದೊಡ್ಡದು ಅನ್ಸತ್ತೆ. 1945ರ ಫೆಬ್ರವರಿ, ಫ್ರಾನ್ಸಿನ ಹಾಗೆನೋ ಅನ್ನೋ ಊರು. ಬಾಸ್ಟೋನ್ ಕಾಡಿನ ಹಿಮದಲ್ಲಿ ವಾರಗಟ್ಟಲೆ ಗುಂಡಿ ತೋಡ್ಕೊಂಡು ಕೂತು, ಫೋಯ್ ಅನ್ನೋ ಹಳ್ಳೀನ ಹಿಡಿದು, ಅರ್ಧ ಕಂಪನಿ ಕಳ್ಕೊಂಡಂಗಾಗಿ ಬಂದಿದ್ದ ಹುಡುಗರು ಅವರು. ಆ ಹೊತ್ತಿಗೆ ವಿಂಟರ್ಸ್ ಬೆಟಾಲಿಯನ್ ನೋಡ್ಕೊಳ್ತಿದ್ರು. ರಾತ್ರಿ ನದಿ ದಾಟಿ ಜರ್ಮನ್ ಕೈದಿಗಳನ್ನ ಹಿಡ್ಕೊಂಡ್ ಬನ್ನಿ ಅಂತ ಆರ್ಡರ್ ಆಯ್ತು, ಹೋಗಿ ತಂದ್ರು, ಆದ್ರೆ ನಮ್ಮ ಕಡೆ ಒಬ್ಬ ಹುಡುಗ ಸತ್ತ. ಮಾರನೇ ರಾತ್ರಿ ಮತ್ತೆ ಹೋಗಿ ಅಂತ ಕರ್ನಲ್ ಹೇಳಿದ್ರು. ಯುದ್ಧ ಮುಗಿಯೋ ಹಂತಕ್ಕೆ ಬಂದಿದೆ ಅಂತ ಎಲ್ರಿಗೂ ಗೊತ್ತು. ವಿಂಟರ್ಸ್ ಹುಡುಗರನ್ನ ಸೇರಿಸಿ, ಇವತ್ತು ರಾತ್ರಿ ಚೆನ್ನಾಗಿ ಮಲ್ಕೊಳ್ಳಿ, ಬೆಳಗ್ಗೆ ಎದ್ದು ನದಿ ದಾಟಿ ಹೋಗಿದ್ವಿ, ಯಾರೂ ಜೀವಂತ ಸಿಗ್ಲಿಲ್ಲ ಅಂತ ರಿಪೋರ್ಟ್ ಕೊಡಿ ಅಂದ್ರು. ಸಿಕ್ಕಾಕ್ಕೊಂಡಿದ್ರೆ ಅವರ ಕತೆ ಮುಗೀತಿತ್ತು. ಮುಂದಿನ ತಿಂಗಳು ಮೇಜರ್ ಆದ್ರು.

"ಸುಳ್ ಹೇಳಿ ಮಕ್ಕುಳ್ನ ಉಳ್ಸುದ್ರು ಅನ್ನಿ" ಅಂತ ನಮ್ಮತ್ತೆ ಹಿಂದಿನ ಸೀಟಿಂದ ಅಂದ್ರು. ಅಲ್ಲೀ ತನಕ ಅವರು ಕೇಳಿಸ್ಕೊಳ್ತಿದಾರೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ.

ಈಗ ಒಂದು ಫಾರ್ವರ್ಡ್ ಮೆಸೇಜಿನ ವಿಷಯಕ್ಕೆ ಬರ್ತೀನಿ. ಪ್ರತಿ ಜೂನಲ್ಲೂ ಗ್ರೂಪುಗಳಲ್ಲಿ ಅವರ ಫೋಟೋ ಹಾಕಿ ಒಂದು ಮಾತು ಓಡಾಡತ್ತೆ, ಮೊಮ್ಮಗ "ತಾತ, ನೀನು ಯುದ್ಧದಲ್ಲಿ ಹೀರೋನಾ?" ಅಂತ ಕೇಳಿದ್ದಕ್ಕೆ "ಇಲ್ಲಪ್ಪ, ಹೀರೋಗಳು ಇದ್ದ ಕಂಪನೀಲಿ ಇದ್ದೆ" ಅಂದ್ರು ಅಂತ. ದಯವಿಟ್ಟು ಕೇಳಿ, ಅದು ವಿಂಟರ್ಸ್ ಅವರ ಮಾತಲ್ಲ. ಅವರ ಕಂಪನೀಲಿ ಸಾರ್ಜೆಂಟ್ ಆಗಿದ್ದ ಮೈಕ್ ರ‍್ಯಾನಿ ಅನ್ನೋರು ತಮ್ಮ ಮೊಮ್ಮಗನ ಬಗ್ಗೆ ವಿಂಟರ್ಸ್‌ಗೆ ಕಾಗದದಲ್ಲಿ ಬರೆದಿದ್ದು. ಸೀರೀಸ್ ಕೊನೇಲಿ ವಿಂಟರ್ಸ್ ಆ ಕಾಗದದ ಮಾತನ್ನ ಹೇಳ್ತಾರೆ, ಹೇಳುವಾಗ ಗಂಟಲು ಕಟ್ಟತ್ತೆ. ಇನ್ನೊಬ್ಬರ ಮಾತನ್ನ ಇನ್ನೊಬ್ಬರದ್ದು ಅಂತಾನೇ ಹೇಳಿದ ಮನುಷ್ಯನ ಬಾಯಿಗೆ ನಾವು ಅದನ್ನ ಅಂಟಿಸಿ ಹಂಚ್ತಾ ಇದೀವಿ. ರ‍್ಯಾನಿ ಹೆಸರು ಹಾಕಿ ಹಂಚಿ, ಖಂಡಿತ ಹಂಚಿ.

ಅವರು ಎಲ್ಲವನ್ನೂ ಹೀಗೇ ಮಾಡಿದ್ದು. ನಾರ್ಮಂಡೀಲಿ ನಿಮ್ಮ ಪ್ರತಿಮೆ ನಿಲ್ಲಿಸ್ತೀವಿ ಅಂತ ಕೇಳಿದಾಗ, ಅವತ್ತು ಅಲ್ಲಿ ಹೋರಾಡಿದ, ಸತ್ತ ಎಲ್ಲಾ ಕಿರಿಯ ಆಫೀಸರ್‌ಗಳ ಹೆಸರಲ್ಲಿ ಆದ್ರೆ ಮಾತ್ರ ಅಂತ ಷರತ್ತು ಹಾಕಿ ಒಪ್ಕೊಂಡ್ರು. ಅದು 2012ರ ಜೂನ್ 6ಕ್ಕೆ ಯೂಟಾ ಬೀಚ್ ಹತ್ರ ಸಾಂತ್ ಮರಿ ದ್ಯು ಮೋಂನಲ್ಲಿ ಉದ್ಘಾಟನೆ ಆಯ್ತು, ನೋಡೋಕೆ ಅವರಿರ್ಲಿಲ್ಲ. ಎಂಬತ್ತೆಂಟನೇ ವಯಸ್ಸಲ್ಲಿ, 2006ರಲ್ಲಿ, ನಿವೃತ್ತ ಕರ್ನಲ್ ಕೋಲ್ ಕಿಂಗ್‌ಸೀಡ್ ಜೊತೆ ಸೇರಿ ಬಿಯಾಂಡ್ ಬ್ಯಾಂಡ್ ಆಫ್ ಬ್ರದರ್ಸ್ ಅಂತ ಆತ್ಮಕಥೆ ಬರೆದ್ರು. ಮಕ್ಕಳಿಗೆ ಕೊಡೋ ಹಾಗಿದ್ರೆ ಸೀರೀಸ್‌ಗಿಂತ ಮೊದಲು ಇದನ್ನ ಕೊಡಿ ಅಂತೀನಿ. ಶೂರತನದ ಕತೆ ಅಂತ ತೆಗೆದ್ರೆ ಅದರಲ್ಲಿ ಹೆಚ್ಚಾಗಿ ಸಿಗೋದು ಜೊತೆಗಿದ್ದವರ ಹೆಸರು, ಯಾರು ಎಲ್ಲಿ ಬಿದ್ರು, ಯಾರಿಗೆ ನಾನು ಏನು ಹೇಳ್ಬೇಕಿತ್ತು ಅನ್ನೋದು, 1945ರ ಏಪ್ರಿಲ್ ಕೊನೇಲಿ ಲ್ಯಾಂಡ್ಸ್‌ಬರ್ಗ್ ಹತ್ರದ ಯಾತನಾ ಶಿಬಿರದ ಬೇಲಿಯಾಚೆ ಮೂಳೆ ಚರ್ಮ ಆಗಿದ್ದ ಜನರನ್ನ ನೋಡಿದ್ದು. ಅವರು ಬರೆದಿದ್ದು ಸಡಗರಕ್ಕಲ್ಲ, ಉಳಿದವರು ಮರೀಬಾರದು ಅಂತ.

ಸಾವಿನ ವಿಷಯಾನೂ ಹಾಗೇ. ಕೆಲವು ವರ್ಷ ಪಾರ್ಕಿನ್ಸನ್ಸ್ ಕಾಯಿಲೆ ಇತ್ತು. 2011ರ ಜನವರಿ 2ರಂದು ಹರ್ಶಿ ಪಕ್ಕದ ಕ್ಯಾಂಬೆಲ್‌ಟೌನ್‌ನಲ್ಲಿ ತೀರ್ಕೊಂಡ್ರು, ಇನ್ನು 19 ದಿನಕ್ಕೆ ತೊಂಬತ್ಮೂರು ತುಂಬ್ತಿತ್ತು. ಅಂತ್ಯಕ್ರಿಯೆ ಮುಗಿಯೋ ತನಕ ಯಾರಿಗೂ ಹೇಳ್ಬೇಡಿ ಅಂತ ಮೊದಲೇ ಹೇಳಿದ್ರು, ಮನೆಯವರು ನಡೆಸ್ಕೊಟ್ರು. ಕ್ಯಾಮೆರಾ ಇಲ್ಲ, ಭಾಷಣ ಇಲ್ಲ. ಮರುವರ್ಷ ಏಪ್ರಿಲಲ್ಲಿ ಎಥೆಲ್ ಅವರೂ ಹೋದ್ರು.

ನಾವು ಆ ಶನಿವಾರ ಚಾಕೊಲೇಟ್ ವರ್ಲ್ಡ್ ಬೇಗ ಮುಗಿಸಿ ಎಫ್ರಾಟಾಗೆ ಹೋದ್ವಿ. ಊರೊಳಗೆ ರೈಲ್ ಟ್ರೇಲ್ ಅಂತ ನಡೆಯೋ ದಾರಿ ಹತ್ರ ನಾರ್ಮಂಡೀಲಿ ಇರೋದೇ ಥರದ ಪ್ರತಿಮೆ ಇದೆ, 2015ರಲ್ಲಿ ನಿಲ್ಲಿಸಿದ್ದು. ಅದನ್ನ ನೋಡ್ಕೊಂಡು ಬರ್ಗ್‌ಸ್ಟ್ರಾಸ್ ಲೂಥರನ್ ಚರ್ಚಿನ ಸ್ಮಶಾನಕ್ಕೆ ಹೋದ್ವಿ. ಅಪ್ಪ ಅಮ್ಮನ ಪಕ್ಕದಲ್ಲೇ ಅವರೂ ಇದಾರೆ. ಕಲ್ಲಿನ ಮೇಲೆ ಬರೆದಿರೋದನ್ನ ಮಾವನಿಗೆ ಓದಿ ಹೇಳಿದೆ: ರಿಚರ್ಡ್ ಡಿ. ವಿಂಟರ್ಸ್, ಎರಡನೇ ಮಹಾಯುದ್ಧ, 101ನೇ ಏರ್‌ಬೋರ್ನ್.

"ಮೇಜ್ರು ಅಂತ ಹಾಕಿಲ್ವಾ?"

"ಇಲ್ಲ ಮಾವ."

"ಮೆಡ್ಲು?"

"ಅದೂ ಇಲ್ಲ."

ಮಾವ ಚಪ್ಪಲಿ ಬಿಟ್ಟು ಹತ್ರ ಹೋದ್ರು. ಕೈ ಮುಗಿದು, ಬಗ್ಗಿ ಕಲ್ಲನ್ನ ಒಂದ್ಸಲ ಮುಟ್ಟಿ ಕಣ್ಣಿಗೊತ್ಕೊಂಡ್ರು. ಆಮೇಲೆ ಕಲ್ಲಿನ ಬುಡದಲ್ಲಿ ಎದ್ದಿದ್ದ ಒಂದಿಷ್ಟು ಕಳೆ ಕಿತ್ತು ಕೈಯಲ್ಲೇ ಹಿಡ್ಕೊಂಡು ವಾಪಸ್ ಕಾರ್ ತನಕ ಬಂದ್ರು, ಎಲ್ಲಿ ಹಾಕ್ಬೇಕು ಅಂತ ಗೊತ್ತಾಗದೆ.

ಬೆಂಗಳೂರಲ್ಲಿರೋ ಸ್ನೇಹಿತರಿಗೂ ಒಂದು ಮಾತು, ಈ ಪತ್ರ ನಿಮ್ಮ ಕೈಗೂ ಬಂದ್ರೆ. ನಮ್ಮ ಪ್ಯಾರಾಶೂಟ್ ರೆಜಿಮೆಂಟಿನ ಟ್ರೈನಿಂಗ್ ಸೆಂಟರ್ ನಿಮ್ಮ ಊರಲ್ಲೇ ಇದೆ, ಮರೂನ್ ಟೋಪಿ ಹಾಕಿರೋ ಜವಾನರನ್ನ ನೋಡಿರ್ತೀರಾ. 1971ರ ಡಿಸೆಂಬರ್ 11ಕ್ಕೆ ಬಾಂಗ್ಲಾದ ತಾಂಗೈಲ್‌ನಲ್ಲಿ ಪ್ಯಾರಾಶೂಟಲ್ಲಿ ಇಳಿದ ನಮ್ಮ 2 ಪ್ಯಾರಾ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ವಿಂಟರ್ಸ್ ತಮ್ಮ ಕಾಗದ, ಮ್ಯಾಪು, ಡೈರಿ ಎಲ್ಲ ಜೋಪಾನ ಮಾಡಿಟ್ಟಿದ್ದಕ್ಕೆ ಈಜಿ ಕಂಪನಿ ಕತೆ ಉಳೀತು. ನಿಮ್ಮ ಬೀದೀಲಿ ಯಾರಾದ್ರೂ ಹಳೇ ಸುಬೇದಾರ್, ಹವಾಲ್ದಾರ್ ಇದ್ರೆ ಹೋಗಿ ಕೂತು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕನ್ನಡದಲ್ಲಿ ಬರೆದಿಡಿ. ಯುದ್ಧ ಮಾತ್ರ ಕೇಳ್ಬೇಡಿ, ನಮ್ಮ ಮಾವ ಕೇಳಿದ ಪ್ರಶ್ನೇನೂ ಕೇಳಿ, ಆಮೇಲೆ ಹೊಟ್ಟೆಪಾಡಿಗೆ ಏನ್ ಮಾಡಿದ್ರಿ ಅಂತ.

ಇಲ್ಲಿನವರಿಗೆ ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಹರ್ಶಿಗೆ ಹೋದಾಗ ಅರ್ಧ ದಿನ ಜಾಸ್ತಿ ಇಟ್ಕೊಳ್ಳಿ, ಎಫ್ರಾಟಾ ಮುಕ್ಕಾಲು ಗಂಟೆ ದಾರಿ. ಸ್ಮಶಾನದಲ್ಲಿ ರೀಲ್ಸ್ ಮಾಡ್ಬೇಡಿ, ಸುಮ್ನೆ ಹತ್ತು ನಿಮಿಷ ನಿಂತು ಬನ್ನಿ. ಕನ್ನಡ ಕೂಟದಲ್ಲಿ ಮಕ್ಕಳ ಕಾರ್ಯಕ್ರಮ ನೋಡ್ಕೊಳ್ಳೋ ಹಿರಿಯರು ಒಂದು ಭಾನುವಾರ ಈ ಪುಸ್ತಕಕ್ಕೆ ಇಟ್ರೆ ದೊಡ್ಡ ಉಪಕಾರ, ಹೈಸ್ಕೂಲ್ ಹುಡುಗರ ಜೊತೆ ಕೂತು ಓದೋಕೆ ನಾನು ತಯಾರಿದೀನಿ.

ಜನವರಿ 2ಕ್ಕೆ ನಾನು ಹೋಗ್ತಿದೀನಿ. ಬೆಳಗ್ಗೆ ಏಳಕ್ಕೆ ಎಡಿಸನ್‌ನಿಂದ ಹೊರಡ್ತೀನಿ, ಕಾರಲ್ಲಿ ಮೂರು ಸೀಟ್ ಖಾಲಿ ಇದೆ, ಚಿತ್ರಾನ್ನ ಕಾಫಿ ನಂದು. ಚಳಿ ಜಾಸ್ತಿ ಇರತ್ತೆ, ದಪ್ಪ ಜಾಕೆಟ್ ಹಾಕ್ಕೊಂಡ್ ಬನ್ನಿ. ಮಾವ ಊರಿಂದ ಫೋನಲ್ಲಿ, ಈ ಸಲ ಹೋದಾಗ ಒಂದ್ ಮೊಳ ಸೇವಂತಿಗೆ ಹೂ ಇಟ್ಟು ಬನ್ನಿ ಅಂದಿದಾರೆ, ಓಕ್ ಟ್ರೀ ರೋಡಲ್ಲಿ ಸಿಗತ್ತಾ ನೋಡ್ಬೇಕು.

ಇಂತಿ ನಿಮ್ಮವನೇ ಆದ,
ಎಡಿಸನ್ ಕನ್ನಡಿಗ